ರೈಲಿನಲ್ಲಿ ಒಬ್ಬರೇ ಹೊರಟಾಗ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂದು ಹಿರಿಯರು ಹೇಳುತ್ತಾರೆ. ಕೋಶ ಓದುವುದನ್ನು ಶಾಲೆ ಹೇಗೋ ಕಲಿಸೀತು. ದೇಶ ಸುತ್ತುವುದನ್ನು ಕಲಿಸುವವರು ಯಾರು? ಈ ವರ್ಷ ಹತ್ತನೆಯ ತರಗತಿಯಲ್ಲಿ, "ಅಜ್ಜನ ಊರಿಗೆ ರೈಲಿನಲ್ಲಿ ಒಬ್ಬರೇ ಹೋದವರು ಯಾರು?" ಎಂದು ಕೇಳಿದೆವು. ಒಂದು ಕೈಯೂ ಮೇಲೇಳಲಿಲ್ಲ. ಗದಗ, ಬಾಗಲಕೋಟೆ, ಧಾರವಾಡಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಗೋವೆಗೆ ಬಂದ ಹಿರಿಯರ ಮಕ್ಕಳಿಗೆ, ಹಿರಿಯರು ಬಂದ ದಾರಿಯೇ ತಿಳಿಯದು! ಅದಕ್ಕಾಗಿಯೇ ಈ ನಾಲ್ಕು ಮಾತು.

ಯುರೋಪಿನಲ್ಲಿ ತರುಣರು ಬೆನ್ನಿಗೊಂದು ಚೀಲ ಕಟ್ಟಿಕೊಂಡು ಒಬ್ಬರೇ ರೈಲಿನಲ್ಲಿ ದೇಶದಿಂದ ದೇಶಕ್ಕೆ ಸಂಚರಿಸುವುದು ರೂಢಿ. 1972ರಲ್ಲಿ ಅಲ್ಲಿನ ರೈಲ್ವೆಗಳು 21 ವರ್ಷದವರೆಗಿನ ತರುಣರಿಗಾಗಿ 'ಇಂಟರ್‌ರೇಲ್' ಎಂಬ ಪಾಸನ್ನು ಆರಂಭಿಸಿದವು. ಒಂದೇ ಪಾಸಿನಲ್ಲಿ ಒಂದು ತಿಂಗಳು ಹಲವು ದೇಶಗಳನ್ನು ಸುತ್ತಬಹುದಾಗಿತ್ತು. ಆದರೆ ಆ ಸುಖಕ್ಕಾಗಿ ಯುರೋಪಿಗೇ ಹೋಗಬೇಕಾಗಿಲ್ಲ. ನಮ್ಮ ಪರ್ವರಿಯಲ್ಲಿ ರೈಲಿಲ್ಲ, ನಿಜ. ಬಸ್ಸಿನಲ್ಲಿ ಮಾಂಡವಿ ದಾಟಿ ಮಡಗಾಂವಿಗೆ ಹೋದರೆ ಅಂಥದೇ ಒಂದು ದಾರಿ ನಮಗಾಗಿ ಕಾದಿದೆ.

ಈ ದಾರಿಯೂ ಒಂದು ಕಾಲಕ್ಕೆ ಎರಡು ರಾಜ್ಯಗಳ ನಡುವಿನ ದಾರಿಯೇ ಆಗಿತ್ತು. 1878ರಲ್ಲಿ ಬ್ರಿಟನ್ನಿಗೂ ಪೋರ್ತುಗಲ್ಲಿಗೂ ಒಪ್ಪಂದವಾಗಿ, ಮುರಗಾಂವ ಬಂದರದಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ವರೆಗೆ ಮೀಟರ್ ಗೇಜಿನ ಹಳಿ ಬಿತ್ತು. 1888ರಲ್ಲಿ ಗಾಡಿ ಓಡಿತು. ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಗೊಟ್ಹಾರ್ಡ್ ರೈಲು ಸುರಂಗ ತೆರೆದದ್ದು 1882ರಲ್ಲಿ. ನಮ್ಮ ಹಳಿ ಅದಕ್ಕಿಂತ ಆರೇ ವರ್ಷ ಚಿಕ್ಕದು. 1955ರಲ್ಲಿ ಗಡಿಯಾಚೆಗಿನ ಸಂಚಾರ ನಿಂತುಹೋಯಿತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆ ಹೊಂದಿದ ಬಳಿಕವೇ ಗಾಡಿಗಳು ಮತ್ತೆ ಘಟ್ಟ ಹತ್ತಿದವು. 1990ರ ದಶಕದಲ್ಲಿ ಈ ಹಳಿ ಬ್ರಾಡ್ ಗೇಜ್ ಆಯಿತು.

ಕುಳೆಂ ನಿಲ್ದಾಣದಿಂದ ಘಟ್ಟ ಆರಂಭ. ಇಲ್ಲಿಯ ಏರು 37ಕ್ಕೆ 1; ಎಂದರೆ 37 ಅಡಿ ಮುಂದೆ ಸಾಗುವಷ್ಟರಲ್ಲಿ ಗಾಡಿ ಒಂದಡಿ ಮೇಲೇರಬೇಕು. ಎತ್ತಿನ ಬಂಡಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಸಮತಟ್ಟಿನಲ್ಲಿ ಹಗುರವಾಗಿ ಓಡುವ ರೈಲು ಏರಿನಲ್ಲಿ ಕಷ್ಟಪಡುತ್ತದೆ. ಆದುದರಿಂದ ಇಲ್ಲಿ ಹೆಚ್ಚಿನ ಇಂಜಿನುಗಳನ್ನು ಜೋಡಿಸುತ್ತಾರೆ. ಇಳಿಯುವಾಗಲೂ ಅವು ಬೇಕು, ಗಾಡಿಯನ್ನು ತಡೆದು ಹಿಡಿಯಲು. ಸುರಂಗದ ಮೇಲೆ ಸುರಂಗ ದಾಟಿ, ಹಾಲು ಸುರಿದಂತೆ ಸುಮಾರು 310 ಮೀಟರ್ ಎತ್ತರದಿಂದ ಧುಮುಕುವ ದೂಧಸಾಗರದ ಮಗ್ಗುಲಲ್ಲೇ ಗಾಡಿ ಸಾಗುತ್ತದೆ. ಮೇಲೆ ಕ್ಯಾಸಲ್‌ರಾಕ್ ಬಂದಾಗ ನಿಲ್ದಾಣದ ಫಲಕದಲ್ಲಿ ಕನ್ನಡ ಅಕ್ಷರ! ಗೋವೆಯಲ್ಲಿ ಪಾಠಪುಸ್ತಕದಲ್ಲಷ್ಟೇ ಕನ್ನಡ ಓದಿದ ಮಗುವಿಗೆ ಆ ಫಲಕ ಓದುವ ಸಂತೋಷವನ್ನು ಯಾವ ಪಾಠವೂ ಕೊಡಲಾರದು.

ಒಬ್ಬರೇ ಹೋದರೆ ಏನು ವಿಶೇಷ? ಜೊತೆಯವರಿದ್ದರೆ ನಾವು ಅವರೊಡನೆಯೇ ಮಾತನಾಡುತ್ತೇವೆ. ಒಬ್ಬರೇ ಇದ್ದಾಗ ಊರು, ಜನ, ಭಾಷೆ ನಮ್ಮೊಡನೆ ಮಾತನಾಡುತ್ತವೆ. ಮಡಗಾಂವಿನಲ್ಲಿ ಕೊಂಕಣಿ ಕೇಳಿದ ಕಿವಿಗೆ ಲೋಂಡಾ ದಾಟುವಷ್ಟರಲ್ಲಿ "ಎಲ್ಲಿಗೆ ಹೊಂಟೀರಿ?" ಎಂಬ ಧಾರವಾಡದ ಮಾತು ಬೀಳುತ್ತದೆ. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಳಗಾವಿಗೆಂದು ಹೊರಟು, ಲೋಂಡಾದಲ್ಲಿ ಗಾಡಿ ಬದಲಿಸಬೇಕಾದವರು ನಿದ್ದೆಹೋಗಿ ಅಳ್ನಾವರದಲ್ಲಿ ಕಣ್ಣು ಬಿಟ್ಟೆವು. ಗಾಬರಿಯಿಂದ ಇಳಿದಾಗ ಎದುರು ಆಸನದ ಅಜ್ಜಿಯೊಬ್ಬರು ಕಿಟಕಿಯಿಂದಲೇ ಒಂದು ರೊಟ್ಟಿ, ಶೇಂಗಾ ಚಟ್ನಿ ಕೈಗಿಟ್ಟು, "ದಾರಿ ತಪ್ಪಿದ್ರ ಏನಾತು ತಮ್ಮಾ, ಬಾಯಿ ಐತಲ್ಲ, ಕೇಳು" ಎಂದರು. ಕೇಳಿದೆವು, ಸಂಜೆಗೆ ಬೆಳಗಾವಿ ಮುಟ್ಟಿದೆವು. ಅಂದಿನಿಂದ ದಾರಿ ಕೇಳಲು ನಾಚಿದ್ದಿಲ್ಲ.

ಪಾಲಕರಿಗೆ ಅಳುಕಿರುವುದು ಸಹಜ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು. ಆದರೆ ಕಾಲೇಜು, ನೌಕರಿ ಎಂದು ನಾಳೆ ಅವರು ಹೋಗಲೇಬೇಕು. ಅಂದು ಒಮ್ಮೆಲೇ ಕಳಿಸುವುದಕ್ಕಿಂತ ಇಂದು ಸಿದ್ಧಗೊಳಿಸುವುದು ಲೇಸು. ಮೊದಲ ಸಲ ಜೊತೆಗೆ ಹೋಗಿ, ಟಿಕೀಟು ತೆಗೆಯುವುದನ್ನೂ ವೇಳಾಪಟ್ಟಿ ನೋಡುವುದನ್ನೂ ಮಕ್ಕಳ ಕೈಯಲ್ಲೇ ಮಾಡಿಸಿರಿ. ಹತ್ತನೆಯದು ಮುಗಿದ ಮೇಲೆ, ಆ ಕಡೆ ನಿಲ್ದಾಣಕ್ಕೆ ಬರುವವರಿದ್ದಾಗ, ಹಗಲಿನ ಗಾಡಿಗೆ ಹತ್ತಿಸಿರಿ.

ವಿದ್ಯಾರ್ಥಿಗಳೇ, ನೀವೂ ಕೆಲವು ನಿಯಮ ಪಾಲಿಸಬೇಕು. ಹಣವನ್ನು ಒಂದೇ ಕಡೆ ಇಡಬೇಡಿರಿ. ಬಾಗಿಲಲ್ಲಿ ನಿಲ್ಲಬೇಡಿರಿ. ಎಷ್ಟೇ ಚೆಲುವಾಗಿದ್ದರೂ ದೂಧಸಾಗರದ ಬಳಿ ಹಳಿಗೆ ಇಳಿಯಬೇಡಿರಿ. ಅದು ಅಪರಾಧ, ಪ್ರಾಣಕ್ಕೂ ಅಪಾಯ. ರೈಲ್ವೆಯ ಸಹಾಯವಾಣಿ 139 ನೆನಪಿರಲಿ. ಮೊಬೈಲನ್ನು ಚೀಲದಲ್ಲಿಟ್ಟು ಕಿಟಕಿಯ ಹೊರಗೆ ನೋಡಿರಿ.

ಹುಬ್ಬಳ್ಳಿಯಲ್ಲಿ ಇಳಿದಾಗ 1507 ಮೀಟರ್ ಉದ್ದದ, 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಮೇಲೆ ನೀವು ಕಾಲಿಡಬಹುದು. ಇಷ್ಟುದ್ದದ ಪ್ಲಾಟ್‌ಫಾರ್ಮಿನಲ್ಲಿ ಎಲ್ಲೋ ಒಂದು ಕಡೆ ಅಜ್ಜ ನಿಮಗಾಗಿ ಕತ್ತು ಚಾಚಿ ನೋಡುತ್ತ ನಿಂತಿರುತ್ತಾರೆ. ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇವೆ. ಒಂದೆರಡಾದರೂ ಕೈ ಮೇಲೇಳಲಿ.