ಸೈನಿಕನ ಅಂತ್ಯಕ್ರಿಯೆಯಲ್ಲಿ ಪ್ರತಿಭಟನೆ: ಹಕ್ಕಿಗೆ ಎಲ್ಲೆ ಎಲ್ಲಿ?

ಬೆಂಗಳೂರು: ಪತ್ರಕರ್ತೆ ಗೌರಿ ಲಂಕೇಶ್ ಅವರು 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿನಗರದ ತಮ್ಮ ಮನೆಯ ಬಾಗಿಲಲ್ಲೇ ಹಂತಕರ ಗುಂಡಿಗೆ ಬಲಿಯಾದರು. ಮರುದಿನ ಚಾಮರಾಜಪೇಟೆಯ ರುದ್ರಭೂಮಿಯಲ್ಲಿ, ಧಾರ್ಮಿಕ ವಿಧಿಗಳಿಲ್ಲದೆ ಆದರೆ ಸರ್ಕಾರಿ ಗೌರವಗಳೊಂದಿಗೆ, ಅವರ ಅಂತ್ಯಸಂಸ್ಕಾರ ನೆರವೇರಿತು. ಪೊಲೀಸರು ಕುಶಾಲುತೋಪು ಹಾರಿಸಿ ವಂದನೆ ಸಲ್ಲಿಸಿದರು. ಅಂತಿಮ ದರ್ಶನಕ್ಕೆ ಬಂದವರಲ್ಲಿ ಅನೇಕರು ಹತ್ಯೆಯನ್ನು ಖಂಡಿಸಲೆಂದೇ ಬಂದಿದ್ದರು. ಅದೇ ಹೊತ್ತಿನಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಕೆಲವರು ಈ ಸಾವನ್ನು ಸಂಭ್ರಮಿಸಿದರು. ಅಂದಿನ ಕೇಂದ್ರ ಸಚಿವ ರವಿಶಂಕರ್ ಪ್ರಸಾದ್ ಅದನ್ನು ಬಹಿರಂಗವಾಗಿ ಖಂಡಿಸಬೇಕಾಯಿತು. ಅವರಿಗೆ ಸರ್ಕಾರಿ ಗೌರವ ಸಲ್ಲಿಸಿದ್ದಕ್ಕೂ ಆಕ್ಷೇಪಗಳು ಕೇಳಿಬಂದವು.

ಶೋಕ, ಗೌರವ ಮತ್ತು ಪ್ರತಿಭಟನೆ ಈ ಮೂರೂ ಒಂದೇ ಸ್ಥಳದಲ್ಲಿ ಎದುರಾದಾಗ ಕಾನೂನು ಯಾರ ಪಕ್ಷ ವಹಿಸಬೇಕು? ಮೃತಪಟ್ಟವರು ಸೈನಿಕರಾದಾಗ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಸೇನಾ ಗೌರವದ ಅಂತ್ಯಕ್ರಿಯೆಗಳಲ್ಲಿ ಪ್ರತಿಭಟನೆಗೆ ಅವಕಾಶ ನೀಡಬಹುದೇ ಎಂಬ ಬಗ್ಗೆ ಅಮೆರಿಕದಲ್ಲಿ ಎರಡು ದಶಕಗಳ ಹಿಂದೆ ಆರಂಭವಾದ ಚರ್ಚೆ ಕರ್ನಾಟಕಕ್ಕೂ ಪ್ರಸ್ತುತವಾಗಿದೆ.

ಸರ್ಕಾರಿ ಗೌರವ, ಸೇನಾ ಗೌರವ

ಇವೆರಡೂ ಒಂದೇ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ಆದರೆ ವ್ಯತ್ಯಾಸವಿದೆ. ಸಾಹಿತಿ, ಕಲಾವಿದ, ರಾಜಕಾರಣಿ ಮೊದಲಾದವರಿಗೆ ಸರ್ಕಾರಿ ಗೌರವ ಸಲ್ಲಿಸುವ ತೀರ್ಮಾನ ರಾಜ್ಯ ಸರ್ಕಾರದ್ದು. ವಂದನೆ ಸಲ್ಲಿಸುವವರು ಪೊಲೀಸರು. ಸೇನಾ ಗೌರವವು ಸೇನೆಯ ನಿಯಮಗಳಿಗೆ ಒಳಪಟ್ಟಿದ್ದು, ಅದನ್ನು ಸಲ್ಲಿಸುವವರು ಸೈನಿಕರೇ. ಪುಷ್ಪಗುಚ್ಛ ಸಮರ್ಪಣೆ, ಬಂದೂಕನ್ನು ತಲೆಕೆಳಗಾಗಿ ಹಿಡಿದು ನಿಲ್ಲುವುದು, ಗಾಳಿಯಲ್ಲಿ ಗುಂಡು ಹಾರಿಸುವುದು, ಬ್ಯೂಗಲ್ ವಾದನ, ಕೊನೆಗೆ ರಾಷ್ಟ್ರಧ್ವಜವನ್ನು ಮಡಿಚಿ ಕುಟುಂಬದ ಕೈಗೆ ಒಪ್ಪಿಸುವುದು ಅದರ ಮುಖ್ಯ ಅಂಗಗಳು.

ಪಾರ್ಥಿವ ಶರೀರದ ಮೇಲೆ ರಾಷ್ಟ್ರಧ್ವಜ ಹೊದಿಸಲು ಸರ್ಕಾರಿ, ಸೇನಾ ಹಾಗೂ ಅರೆಸೇನಾ ಪಡೆಗಳ ಅಂತ್ಯಕ್ರಿಯೆಗಳಲ್ಲಿ ಮಾತ್ರ ಅವಕಾಶವಿದೆ. ಕೇಸರಿ ಬಣ್ಣ ತಲೆಯ ಕಡೆಗಿರಬೇಕು; ಧ್ವಜವನ್ನು ಚಿತೆಯಲ್ಲಿ ಸುಡುವಂತಿಲ್ಲ, ಸಮಾಧಿಗೆ ಇಳಿಸುವಂತಿಲ್ಲ ಎಂದು 2002ರ ಧ್ವಜ ಸಂಹಿತೆ ಹೇಳುತ್ತದೆ.

ಧ್ವಜ ಹೊದಿಸಿದ ಕ್ಷಣದಿಂದ ಒಂದು ಮನೆಯ ಸಾವು ದೇಶದ ಸಾವೂ ಆಗುತ್ತದೆ. ಸಮಸ್ಯೆಯ ಮೂಲವೂ ಇಲ್ಲಿಯೇ ಇದೆ. ಖಾಸಗಿ ಶವಸಂಸ್ಕಾರದಲ್ಲಿ ಹೊರಗಿನವರಿಗೆ ಮಾತಿಲ್ಲ. ಆದರೆ ಸರ್ಕಾರವೇ ಪಾಲ್ಗೊಳ್ಳುವ ಸಾರ್ವಜನಿಕ ಸಮಾರಂಭದಲ್ಲಿ, ಆ ಸಾವಿನ ಹಿಂದಿನ ನೀತಿ ನಿರ್ಧಾರಗಳನ್ನು ಪ್ರಶ್ನಿಸುವ ಹಕ್ಕು ತಮಗಿದೆ ಎಂದು ನಾಗರಿಕರು ಭಾವಿಸುವುದು ಸಹಜ.

ಅಮೆರಿಕದ ಮೊಕದ್ದಮೆ

ಇರಾಕ್‌ನಲ್ಲಿ ಮೃತಪಟ್ಟ ಅಮೆರಿಕದ ನೌಕಾಪದಾತಿ ದಳದ ಯೋಧ ಮ್ಯಾಥ್ಯೂ ಸ್ನೈಡರ್ ಅವರ ಅಂತ್ಯಕ್ರಿಯೆ 2006ರ ಮಾರ್ಚ್‌ನಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ನಡೆಯಿತು. ಕಾನ್ಸಾಸ್ ರಾಜ್ಯದ ವೆಸ್ಟ್‌ಬರೋ ಬ್ಯಾಪ್ಟಿಸ್ಟ್ ಚರ್ಚ್ ಎಂಬ ಸಣ್ಣ ಪಂಥದ ಏಳು ಮಂದಿ ಅಲ್ಲಿಗೆ ಬಂದು ಫಲಕ ಹಿಡಿದು ನಿಂತರು. ಸಲಿಂಗಿಗಳನ್ನು ಸಹಿಸುವ ದೇಶಕ್ಕೆ ದೇವರು ನೀಡಿದ ಶಿಕ್ಷೆಯೇ ಸೈನಿಕರ ಸಾವು ಎಂಬುದು ಅವರ ವಾದ. ಮೃತ ಯೋಧನ ವೈಯಕ್ತಿಕ ಬದುಕಿಗೂ ಆ ವಾದಕ್ಕೂ ಸಂಬಂಧವಿರಲಿಲ್ಲ.

ತಂದೆ ಆಲ್ಬರ್ಟ್ ಸ್ನೈಡರ್ ನ್ಯಾಯಾಲಯದ ಮೊರೆ ಹೋದರು. ಕೆಳಹಂತದ ನ್ಯಾಯಾಲಯದಲ್ಲಿ ಅವರಿಗೆ ಭಾರಿ ಪರಿಹಾರ ಘೋಷಣೆಯಾಯಿತಾದರೂ ಮೇಲ್ಮನವಿಯಲ್ಲಿ ಅದು ರದ್ದಾಯಿತು. 2011ರ ಮಾರ್ಚ್ 2ರಂದು ಅಮೆರಿಕದ ಸುಪ್ರೀಂ ಕೋರ್ಟ್ 8-1ರ ಬಹುಮತದಿಂದ ಪ್ರತಿಭಟನಕಾರರ ಪರವಾಗಿ ತೀರ್ಪಿತ್ತಿತು. ಅವರು ಸುಮಾರು 1,000 ಅಡಿ ದೂರದಲ್ಲಿ, ಸಾರ್ವಜನಿಕ ಜಾಗದಲ್ಲಿ, ಪೊಲೀಸರು ತೋರಿಸಿದ ಸ್ಥಳದಲ್ಲೇ ನಿಂತಿದ್ದರು. ಅಂತ್ಯಕ್ರಿಯೆಗೆ ಅಡ್ಡಿಪಡಿಸಿರಲಿಲ್ಲ ಎಂಬುದು ತೀರ್ಪಿನ ಮುಖ್ಯ ಆಧಾರವಾಗಿತ್ತು. ಮಾತು ನೋವುಂಟು ಮಾಡುತ್ತದೆ ಎಂಬ ಒಂದೇ ಕಾರಣಕ್ಕೆ ಮಾತನಾಡಿದವನನ್ನು ದಂಡಿಸಲಾಗದು ಎಂಬುದು ಬಹುಮತದ ನಿಲುವು. ಒಬ್ಬರೇ ಭಿನ್ನಮತ ದಾಖಲಿಸಿದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ, ವಾಕ್ ಸ್ವಾತಂತ್ರ್ಯವು ಶೋಕತಪ್ತ ಕುಟುಂಬದ ಮೇಲೆ ಎರಗಲು ನೀಡಿದ ಪರವಾನಗಿಯಲ್ಲ ಎಂಬ ಅಭಿಪ್ರಾಯ ತಳೆದರು.

ಅಮೆರಿಕದ ಸಂಸತ್ತು ಮಾತನ್ನು ನಿಷೇಧಿಸುವ ಬದಲು ಸಮಯ ಮತ್ತು ದೂರಕ್ಕೆ ಮಿತಿ ಹಾಕುವ ದಾರಿ ಹಿಡಿಯಿತು. 2006ರಲ್ಲಿ ರಾಷ್ಟ್ರೀಯ ಸ್ಮಶಾನಗಳಿಗೆ ಅನ್ವಯಿಸುವ ಕಾಯ್ದೆ ಬಂದಿತು. 2012ರ ಆಗಸ್ಟ್‌ನಲ್ಲಿ ಜಾರಿಯಾದ ಕಾಯ್ದೆಯು ಸೇನಾ ಅಂತ್ಯಕ್ರಿಯೆಗೆ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ ಪ್ರತಿಭಟನಕಾರರನ್ನು 300 ಅಡಿ ದೂರದಲ್ಲಿ ಇರಿಸುವ ನಿರ್ಬಂಧ ತಂದಿತು.

ಇಲ್ಲಿ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಸೇನಾ ಅಂತ್ಯಕ್ರಿಯೆಗೆಂದೇ ಪ್ರತ್ಯೇಕವಾದ ಇಂತಹ ಕಾಯ್ದೆ ಇಲ್ಲ. ಆದರೆ ಬ್ರಿಟಿಷರ ಕಾಲದಿಂದಲೂ ಒಂದು ಸಾಮಾನ್ಯ ರಕ್ಷಣೆ ಇದೆ. ಭಾರತೀಯ ದಂಡ ಸಂಹಿತೆಯ 297ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 301ನೇ ಸೆಕ್ಷನ್ ಆಗಿದೆ. ಭಾವನೆಗಳಿಗೆ ನೋವುಂಟು ಮಾಡುವ ಉದ್ದೇಶದಿಂದ, ಅಥವಾ ನೋವಾಗಬಹುದೆಂಬ ಅರಿವಿದ್ದೂ, ಸ್ಮಶಾನಕ್ಕೆ ಅತಿಕ್ರಮ ಪ್ರವೇಶ ಮಾಡುವುದು, ಶವಕ್ಕೆ ಅಗೌರವ ತೋರುವುದು, ಶವಸಂಸ್ಕಾರಕ್ಕೆ ಸೇರಿದವರಿಗೆ ತೊಂದರೆ ಕೊಡುವುದು ಅದರಡಿ ಅಪರಾಧ. ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಮೃತರು ಸೈನಿಕರೇ, ಸಾಮಾನ್ಯರೇ ಎಂಬ ಭೇದ ಇದರಲ್ಲಿಲ್ಲ.

ಇನ್ನೊಂದೆಡೆ ಸಂವಿಧಾನದ 19ನೇ ವಿಧಿಯು ವಾಕ್ ಸ್ವಾತಂತ್ರ್ಯವನ್ನೂ ಶಸ್ತ್ರರಹಿತವಾಗಿ, ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನೂ ನೀಡಿದೆ. ಅಮೆರಿಕಕ್ಕಿಂತ ಭಿನ್ನವಾಗಿ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮುಂತಾದ ಕಾರಣಗಳಿಗಾಗಿ ವಾಕ್ ಸ್ವಾತಂತ್ರ್ಯದ ಮೇಲೆ ಸಮಂಜಸ ನಿರ್ಬಂಧ ಹೇರಲು ಅದೇ ವಿಧಿ ಅವಕಾಶ ಕೊಡುತ್ತದೆ. 1973ರ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಬೀದಿಗಳಲ್ಲಿನ ಸಭೆಗಳನ್ನು ಸರ್ಕಾರ ನಿಯಂತ್ರಿಸಬಹುದೇ ಹೊರತು ಆ ಹಕ್ಕನ್ನೇ ಇಲ್ಲವಾಗಿಸುವಂತಿಲ್ಲ ಎಂದಿತು. ಘನತೆಯ ಹಕ್ಕು ಮೃತದೇಹಕ್ಕೂ ಸಲ್ಲುತ್ತದೆ ಎಂಬ ತತ್ವವನ್ನು 1995ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಅದು ಮಾನ್ಯ ಮಾಡಿತು.

ರಾಜಧಾನಿಯ ಪರಿಸ್ಥಿತಿ ಇನ್ನೂ ಬಿಗಿ. ಬೆಂಗಳೂರಿನ ಪ್ರತಿಭಟನೆಗಳನ್ನು 2021ರ ಪೊಲೀಸ್ ಆದೇಶವು ಫ್ರೀಡಂ ಪಾರ್ಕ್‌ಗೆ ಸೀಮಿತಗೊಳಿಸಿತು. ಈ ಆದೇಶದ ಪ್ರಕಾರ ರಾಜರಾಜೇಶ್ವರಿನಗರದ ನಿವಾಸಿಗಳು ಅಂತ್ಯಕ್ರಿಯೆಯ ಮಾತಿರಲಿ, ತಮ್ಮ ಬಡಾವಣೆಯ ರಸ್ತೆ ಗುಂಡಿಯ ವಿರುದ್ಧ ಫಲಕ ಹಿಡಿಯಬೇಕಾದರೂ ನಗರದ ಮಧ್ಯಭಾಗಕ್ಕೇ ಹೋಗಬೇಕು.

ಕರ್ನಾಟಕದ ಅನುಭವ ಬೇರೆ

ಅಪರಿಚಿತರು ಸೈನಿಕನ ಶವದ ಮುಂದೆ ಅವನ ಸಾವನ್ನೇ ಹಳಿಯುವ ಪರಿಪಾಠ ಕರ್ನಾಟಕದಲ್ಲಿ ಬೆಳೆದಿಲ್ಲ. ಅದಕ್ಕೆ ಸಮೀಪವಾದ ಘಟನೆಗಳು ಲೇಖಕರ ವಿಷಯದಲ್ಲಿ ನಡೆದಿವೆ. ಯು.ಆರ್. ಅನಂತಮೂರ್ತಿ ಅವರು 2014ರ ಆಗಸ್ಟ್ 22ರಂದು ನಿಧನರಾದಾಗ ರಾಜ್ಯದ ಕೆಲವೆಡೆ ಪಟಾಕಿ ಸಿಡಿಸಲಾಯಿತು. ಮರುದಿನ ರಾಜರಾಜೇಶ್ವರಿನಗರಕ್ಕೆ ಸಮೀಪದ ಮಲ್ಲತ್ತಹಳ್ಳಿ ಕಲಾಗ್ರಾಮದಲ್ಲಿ ಸರ್ಕಾರಿ ಗೌರವಗಳೊಂದಿಗೆ ಅವರ ಅಂತ್ಯಸಂಸ್ಕಾರ ನಡೆಯಿತು. ಪಟಾಕಿಯ ಸದ್ದು ಅಲ್ಲಿಗೆ ತಲುಪಲಿಲ್ಲ; ಸುದ್ದಿ ತಲುಪಿತು. ದೂರದ ನಿಯಮ ಈ ಬಗೆಯ ನೋವನ್ನು ತಡೆಯಲಾರದು ಎಂಬುದಕ್ಕೆ ಇದು ನಿದರ್ಶನ.

ಯೋಧರ ಅಂತ್ಯಕ್ರಿಯೆಗಳಲ್ಲಿ ಕೇಳಿಬರುವ ಘೋಷಣೆಗಳು ಬೇರೆ ಬಗೆಯವು. 2019ರ ಫೆಬ್ರುವರಿ 14ರ ಪುಲ್ವಾಮಾ ದಾಳಿಯಲ್ಲಿ ಹುತಾತ್ಮರಾದ ಸಿಆರ್‌ಪಿಎಫ್‌ನ 40 ಯೋಧರಲ್ಲಿ ಮಂಡ್ಯ ಜಿಲ್ಲೆಯ ಗುಡಿಗೆರೆಯ ಎಚ್. ಗುರು ಒಬ್ಬರು. ಫೆಬ್ರುವರಿ 16ರಂದು ಮೆಳ್ಳಹಳ್ಳಿಯಲ್ಲಿ ನಡೆದ ಅವರ ಅಂತ್ಯಸಂಸ್ಕಾರಕ್ಕೆ ಜನಸಾಗರವೇ ಹರಿದುಬಂದಿತು. ಪಾಕಿಸ್ತಾನದ ವಿರುದ್ಧ ಘೋಷಣೆಗಳು ಮೊಳಗಿದವು. ಕಾನೂನಿನ ಅರ್ಥದಲ್ಲಿ ಅದೂ ಪ್ರತಿಭಟನೆಯೇ. ಆದರೆ ಅದನ್ನು ಯಾರೂ ಹಾಗೆ ಕರೆಯಲಿಲ್ಲ. ತಡೆಯಬೇಕೆಂದೂ ಯಾರಿಗೂ ಅನಿಸಲಿಲ್ಲ. ಅದೇ ಜನಸಮೂಹದಲ್ಲಿ ಒಬ್ಬರು ಭದ್ರತಾ ಲೋಪಕ್ಕೆ ಹೊಣೆ ಯಾರು ಎಂಬ ಫಲಕ ಹಿಡಿದಿದ್ದರೆ ಅದಕ್ಕೂ ಅದೇ ಸಹನೆ ದೊರೆಯುತ್ತಿತ್ತೇ? ನಮಗೆ ಹಿತವಾದ ಘೋಷಣೆ ಶ್ರದ್ಧಾಂಜಲಿ, ಅಹಿತವಾದದ್ದು ಮಾತ್ರ ಪ್ರತಿಭಟನೆ ಎಂದು ಎಣಿಸಿದರೆ ಕಾನೂನು ಪಕ್ಷಪಾತಿಯಾಗುತ್ತದೆ.

ಕುಟುಂಬವೇ ಪ್ರಶ್ನಿಸಿದರೆ?

ಮುಂಬೈ ದಾಳಿಯಲ್ಲಿ 2008ರ ನವೆಂಬರ್ 28ರಂದು ಹುತಾತ್ಮರಾದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಅಂತ್ಯಕ್ರಿಯೆ ಮರುದಿನ ಬೆಂಗಳೂರಿನಲ್ಲಿ ಸಕಲ ಸೇನಾ ಗೌರವಗಳೊಂದಿಗೆ ನಡೆಯಿತು. ನವೆಂಬರ್ 30ರಂದು ಸಾಂತ್ವನ ಹೇಳಲು ಯಲಹಂಕದ ಮನೆಗೆ ಬಂದ ಕೇರಳದ ಅಂದಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಅವರನ್ನು ತಂದೆ ಕೆ. ಉನ್ನಿಕೃಷ್ಣನ್ ಮನೆಯಿಂದ ಹೊರನಡೆಯುವಂತೆ ಹೇಳಿದರು. ನಂತರ ಮುಖ್ಯಮಂತ್ರಿ ಆಡಿದ ಮಾತು ದೇಶದಾದ್ಯಂತ ಆಕ್ರೋಶಕ್ಕೆ ಕಾರಣವಾಗಿ, ಅವರು ವಿಷಾದ ವ್ಯಕ್ತಪಡಿಸಬೇಕಾಯಿತು. ಇಲ್ಲಿ ಪ್ರತಿಭಟಿಸಿದವರು ಮಗನನ್ನು ಕಳೆದುಕೊಂಡ ತಂದೆ.

2023ರ ಅಕ್ಟೋಬರ್‌ನಲ್ಲಿ ಪಂಜಾಬಿನ ಅಗ್ನಿವೀರ ಅಮೃತಪಾಲ್ ಸಿಂಗ್ ಅವರಿಗೆ ಸೇನಾ ಗೌರವ ಸಲ್ಲದ ಬಗ್ಗೆ ವಿವಾದ ಎದ್ದಿತು. ತಾನೇ ಮಾಡಿಕೊಂಡ ಗಾಯದಿಂದ ಸಂಭವಿಸಿದ ಸಾವಿಗೆ ಸೇನಾ ಗೌರವವಿಲ್ಲ. 1967ರ ಸೇನಾ ಆದೇಶದಿಂದಲೂ ಈ ನಿಯಮವಿದ್ದು, ಅಗ್ನಿವೀರರು, ಇತರ ಯೋಧರು ಎಂಬ ತಾರತಮ್ಯವಿಲ್ಲ ಎಂದು ಸೇನೆ ಸ್ಪಷ್ಟಪಡಿಸಿತು. ಗೌರವ ಸಂದದ್ದಕ್ಕೆ ಆಕ್ಷೇಪವಿರುವಂತೆ, ಸಲ್ಲದಿರುವುದಕ್ಕೂ ಆಕ್ಷೇಪವಿರುತ್ತದೆ. ಅದನ್ನು ಕೇಳಲು ಅಂತ್ಯಕ್ರಿಯೆಗಿಂತ ಬೇರೆ ಗಳಿಗೆ ಕುಟುಂಬಕ್ಕೆ ಸಿಗದೇ ಹೋಗಬಹುದು.

ಈ ಹಿನ್ನೆಲೆಯಲ್ಲಿ ರಾಜಸ್ಥಾನದ ಮೃತದೇಹ ಗೌರವ ಕಾಯ್ದೆ ಗಮನಾರ್ಹ. ಅಲ್ಲಿನ ವಿಧಾನಸಭೆ 2023ರ ಜುಲೈನಲ್ಲಿ ಅಂಗೀಕರಿಸಿದ ಈ ಕಾಯ್ದೆಯು ಶವವನ್ನಿಟ್ಟುಕೊಂಡು ಪ್ರತಿಭಟಿಸುವುದನ್ನು ಅಪರಾಧವೆಂದು ಘೋಷಿಸಿದೆ. ಹೊರಗಿನವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಕುಟುಂಬದವರಿಗೂ ಶಿಕ್ಷೆ ಇದೆ. ಶವದ ಹೆಸರಿನಲ್ಲಿ ನಡೆಯುವ ಹಣ ವಸೂಲಿಯನ್ನು ತಡೆಯುವುದು ಉದ್ದೇಶವೆಂಬ ಸಮರ್ಥನೆ ಇದ್ದರೂ, ನ್ಯಾಯ ಕೇಳುವ ಬಡ ಕುಟುಂಬದ ಕೊನೆಯ ದಾರಿಯೂ ಇದರಿಂದ ಮುಚ್ಚುತ್ತದೆ ಎಂಬ ಆತಂಕ ನಿರಾಧಾರವಲ್ಲ.

ಹೊಸ ಕಾಯ್ದೆ ಬೇಕೆ?

ಮೇಲಿನ ಪ್ರಕರಣಗಳನ್ನು ಒಟ್ಟಾಗಿ ನೋಡಿದರೆ ಕರ್ನಾಟಕಕ್ಕೆ ಹೊಸ ನಿಷೇಧದ ಅಗತ್ಯ ಕಾಣುವುದಿಲ್ಲ. 301ನೇ ಸೆಕ್ಷನ್ ಸಾಕಷ್ಟು ವ್ಯಾಪಕವಾಗಿದೆ. ಬೇಕಿರುವುದು ಅದನ್ನು ಸಮಾನವಾಗಿ ಅನ್ವಯಿಸುವ ಸ್ಪಷ್ಟ ವಿಧಾನ.

ಮೊದಲನೆಯದು, ಸಮಯ ಮತ್ತು ದೂರ. ಮನೆಯಿಂದ ಮೆರವಣಿಗೆ ಹೊರಟಾಗಿನಿಂದ ಚಿತೆಗೆ ಅಗ್ನಿಸ್ಪರ್ಶವಾಗುವವರೆಗಿನ ಕೆಲವು ಗಂಟೆಗಳು ಕುಟುಂಬಕ್ಕೆ ಸೇರಿದ್ದು. ಆದರೆ ಅಮೆರಿಕದ 300 ಅಡಿಯ ಲೆಕ್ಕ ಇಲ್ಲಿ ಹಾಗೆಯೇ ಹೊಂದದು. ಬೆಂಗಳೂರಿನ ಇಕ್ಕಟ್ಟಾದ ಬಡಾವಣೆಗಳಲ್ಲಿ ಮನೆಯ ಗೇಟಿನಿಂದ 300 ಅಡಿ ಎಂದರೆ ಅಡ್ಡರಸ್ತೆಗಳನ್ನೇ ದಾಟಬೇಕಾಗುತ್ತದೆ. ಸ್ಮಶಾನದ ಪ್ರವೇಶದ್ವಾರವನ್ನು ಆಧಾರವಾಗಿಟ್ಟುಕೊಂಡು, ಆಯಾ ಸ್ಥಳಕ್ಕೆ ತಕ್ಕಂತೆ ಪೊಲೀಸರು ಮುಂಚಿತವಾಗಿಯೇ ಎಲ್ಲೆ ಗುರುತಿಸುವುದು ವಿವೇಕಯುತ.

ಎರಡನೆಯದು, ಫಲಕದ ಮೇಲೆ ಏನು ಬರೆದಿದೆ ಎಂಬುದು ಪೊಲೀಸರ ಅಳತೆಗೋಲಾಗಬಾರದು. ಜಯಘೋಷಕ್ಕೂ ಧಿಕ್ಕಾರಕ್ಕೂ ಒಂದೇ ಗೆರೆ ಇರಬೇಕು.

ಮೂರನೆಯದು ಮತ್ತು ಬಹುಮುಖ್ಯವಾದದ್ದು, ಕುಟುಂಬದ ಇಚ್ಛೆ. 2019ರ ಜೂನ್ 10ರಂದು ನಿಧನರಾದ ಗಿರೀಶ ಕಾರ್ನಾಡರ ಇಚ್ಛೆಯಂತೆ ಸರ್ಕಾರಿ ಗೌರವವಾಗಲಿ, ಮೆರವಣಿಗೆಯಾಗಲಿ ಇರಲಿಲ್ಲ. ಬೆಂಗಳೂರಿನ ಕಲ್ಪಳ್ಳಿ ಚಿತಾಗಾರದಲ್ಲಿ ಸರಳವಾಗಿ ಅಂತ್ಯಸಂಸ್ಕಾರ ನಡೆಯಿತು. ಗೌರವವನ್ನೇ ನಿರಾಕರಿಸುವ ಸ್ವಾತಂತ್ರ್ಯ ಕುಟುಂಬಕ್ಕಿರುವಾಗ, ಘೋಷಣೆ ಬೇಡ ಎನ್ನುವ, ಸಚಿವರು ಬರುವುದು ಬೇಡ ಎನ್ನುವ ಸ್ವಾತಂತ್ರ್ಯವೂ ಅದಕ್ಕಿರಬೇಕು. ತಾನೇ ಪ್ರಶ್ನೆ ಕೇಳುವ ಸ್ವಾತಂತ್ರ್ಯವೂ ಇರಬೇಕು.

ಯೋಧನ ಸಾವಿಗೆ ಕಾರಣವಾದ ನೀತಿಯನ್ನು ಪ್ರಶ್ನಿಸಲು ಸಾರ್ವಜನಿಕರಿಗೆ ಮರುದಿನವೂ ಅವಕಾಶವಿದೆ, ವರ್ಷವಿಡೀ ಅವಕಾಶವಿದೆ. ಮಗನನ್ನು ಕಳುಹಿಸಿಕೊಡಲು ತಂದೆ ತಾಯಿಗೆ ಇರುವುದು ಆ ಒಂದು ದಿನ ಮಾತ್ರ. ಹೊರಗಿನವರು ಆ ದಿನವನ್ನು ಅವರಿಗೆ ಬಿಟ್ಟುಕೊಡಬೇಕು. ಆ ದಿನ ಅವರೇ ಮಾತನಾಡಲು ಬಯಸಿದರೆ ಸರ್ಕಾರ ಅವರ ಬಾಯಿ ಮುಚ್ಚಿಸಬಾರದು.