ಕಣ್ಣಿಗಿಂತ ಮೊದಲು ಕಿವಿ ಓದಬೇಕು

2020ರ ಫೆಬ್ರವರಿ 5ರಿಂದ ಮೂರು ದಿನ ಕಲಬುರಗಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮಕ್ಕಳಿಗಾಗಿ ಬಹಳಷ್ಟು ಬರೆದ ಎಚ್.ಎಸ್. ವೆಂಕಟೇಶಮೂರ್ತಿ ಅದರ ಅಧ್ಯಕ್ಷರು. ಅದಾಗಿ ತಿಂಗಳು ಕಳೆಯುತ್ತಿದ್ದಂತೆ, ಮಾರ್ಚ್ 10ರಂದು, ದೇಶದ ಮೊದಲ ಕೋವಿಡ್ ಸಾವು ಇದೇ ಊರಿನವರೊಬ್ಬರದಾಯಿತು. ಶಾಲೆಗಳಿಗೆ ಬೀಗ ಬಿತ್ತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ತಂದೆ-ತಾಯಿ ನಮ್ಮ ಭಾಗದಲ್ಲಿ ಅಪರೂಪ. ಆದರೆ ಆ ಒಂದೂವರೆ ವರ್ಷ ಕಲಬುರಗಿಯ ಓಣಿಗಳಲ್ಲೂ ಅದೇ ಜಿಲ್ಲೆಯ ಕಮಲಾಪುರದ ಸುತ್ತಲಿನ ತಾಂಡಾಗಳಲ್ಲೂ ಮನೆಯೇ ಶಾಲೆಯಾಗಬೇಕಾಯಿತು.

ಗ್ರಾಮೀಣ ಕರ್ನಾಟಕದ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ ಆಗ ಕಂಡದ್ದು ಇದು: ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 19 ಇದ್ದರು, 2021ರ ಹೊತ್ತಿಗೆ 10ರ ಆಸುಪಾಸಿಗೆ ಇಳಿದರು. ನನಗೆ ಹೆಚ್ಚು ಕಳವಳ ತರುವುದು ಮೊದಲ ಅಂಕಿ. ಶಾಲೆ ತೆರೆದಿದ್ದಾಗಲೂ ನೂರರಲ್ಲಿ ಎಂಬತ್ತು ಮಕ್ಕಳಿಗೆ ಓದು ಒಲಿದಿರಲಿಲ್ಲ. ಓದಲು ಬಾರದ ಮಗುವಿಗೆ ಪುಸ್ತಕದ ಮೇಲೆ ಪ್ರೀತಿ ಹುಟ್ಟುವುದು ಎಲ್ಲಿಂದ?

ಮಾತು ಮನುಷ್ಯನಿಗೆ ಹುಟ್ಟಿನಿಂದ ಬರುವ ಸಾಮರ್ಥ್ಯ, ಓದು ಹಾಗಲ್ಲ. ಬರವಣಿಗೆ ಹುಟ್ಟಿ ಐದಾರು ಸಾವಿರ ವರ್ಷಗಳಷ್ಟೇ ಆಗಿವೆ. ಅಷ್ಟರಲ್ಲಿ ಮೆದುಳಿನಲ್ಲಿ ಓದಿಗೆಂದೇ ಒಂದು ಅಂಗ ಬೆಳೆಯುವುದು ಸಾಧ್ಯವಿಲ್ಲ. ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ಡೆಹಾನ್ ಹೇಳುವಂತೆ, ವಸ್ತು, ಮುಖಗಳ ಆಕಾರ ಗುರುತಿಸುತ್ತಿದ್ದ ಎಡ ಮೆದುಳಿನ ಹಿಂಬದಿಯ ಒಂದು ಪುಟ್ಟ ಜಾಗವನ್ನು ಅಕ್ಷರಗಳು ತಮ್ಮದಾಗಿಸಿಕೊಳ್ಳುತ್ತವೆ. ಆ ಜಾಗಕ್ಕೂ ಮಾತಿನ ಕೇಂದ್ರಗಳಿಗೂ ದಾರಿ ಕೂಡಿದಾಗಲೇ ಅಕ್ಷರಕ್ಕೆ ದನಿ, ದನಿಗೆ ಅರ್ಥ.

ಕನ್ನಡದಲ್ಲಿ ಈ ದಾರಿ ತುಸು ಉದ್ದ. ವರ್ಣಮಾಲೆಯಲ್ಲಿ 49 ಅಕ್ಷರ, ಕಾಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು ರೂಪ, ಅದರ ಮೇಲೆ ಒತ್ತಕ್ಷರ. ‘ಶಕ್ತಿ’ ಎಂದು ಬರೆದು ಮಗುವಿನ ಕಣ್ಣಿನಿಂದ ನೋಡಿ. ಗುಡಿಸು ಕೂತಿರುವುದು ಕಕಾರದ ಮೇಲೆ, ಉಚ್ಚರಿಸಬೇಕಾದದ್ದು ತಕಾರದ ನಂತರ. ಮಗು ‘ಶಕಿತ’ ಎಂದು ಓದಿದರೆ ದಡ್ಡತನವಲ್ಲ, ಕಂಡದ್ದನ್ನು ಕಂಡ ಕ್ರಮದಲ್ಲಿ ಓದಿದೆ, ಅಷ್ಟೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ತೋರಿಸಿದ್ದೂ ಇದನ್ನೇ: ಇಂಗ್ಲಿಷಿನಂತೆ ಒಂದೆರಡು ವರ್ಷಕ್ಕೆ ನಮ್ಮ ಅಕ್ಷರ ಕಲಿಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ.

ಕಲಬುರಗಿಯ ಮಗುವಿಗೆ ಇನ್ನೊಂದು ಮೆಟ್ಟಿಲಿದೆ. ಮನೆಯಲ್ಲಿ ಅದು ‘ಮನಿ’, ‘ಎಲಿ’, ‘ಕುದರಿ’ ಎನ್ನುತ್ತದೆ. ಪುಸ್ತಕದಲ್ಲಿ ‘ಮನೆ’, ‘ಎಲೆ’, ‘ಕುದುರೆ’. ಮನೆಯಲ್ಲಿ ದಖನಿಯನ್ನೋ ತಾಂಡಾದಲ್ಲಿ ಲಂಬಾಣಿಗರ ಗೋರ್ ಬೋಲಿಯನ್ನೋ ಆಡುವ ಮಗುವಿಗೆ ಇಡೀ ಪುಟವೇ ಹೊಸ ಭಾಷೆ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಮನೋವಿಜ್ಞಾನಿಗಳು ಓದನ್ನು ಒಂದು ಗುಣಾಕಾರವಾಗಿ ಕಂಡರು: ಅಕ್ಷರ ಬಿಡಿಸುವ ಶಕ್ತಿ ಇಂಟು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ. ಯಾವುದೊಂದು ಸೊನ್ನೆಯಾದರೂ ಓದು ಸೊನ್ನೆ. ಅಕ್ಷರ ತಿದ್ದಿಸುವುದರಲ್ಲೇ ದಣಿಯುವ ನಾವು ಎರಡನೆಯದನ್ನು ಮರೆಯುತ್ತೇವೆ. ಮನೆ ನಿಜವಾಗಿ ಗೆಲ್ಲಬಲ್ಲದ್ದು ಅಲ್ಲೇ.

ಅದಕ್ಕೆ ಬೇಕಿರುವುದು ಗಟ್ಟಿಯಾಗಿ ಓದಿ ಹೇಳುವ ಒಬ್ಬರು. ಅಮೆರಿಕದ ವೈದ್ಯ ಜಾನ್ ಹಟನ್ ತಂಡ 2015ರಲ್ಲಿ ಮೂರರಿಂದ ಐದು ವರ್ಷದ 19 ಮಕ್ಕಳಿಗೆ ಕಥೆ ಕೇಳಿಸುತ್ತ ಅವರ ಮೆದುಳಿನ ಸ್ಕ್ಯಾನ್ ಮಾಡಿತು. ಚಿತ್ರವಿಲ್ಲ, ಬರೀ ದನಿ. ಮನೆಯಲ್ಲಿ ಪುಸ್ತಕದ ಒಡನಾಟ ಹೆಚ್ಚಿದ್ದ ಮಕ್ಕಳಲ್ಲಿ ಅರ್ಥ ಕೂಡಿಸುವ, ಮನಸ್ಸಿನಲ್ಲೇ ಚಿತ್ರ ಕಟ್ಟಿಕೊಳ್ಳುವ ಭಾಗ ಹೆಚ್ಚು ಚುರುಕಾಗಿತ್ತು. ಪ್ರಯೋಗ ಚಿಕ್ಕದು, ಇದೇ ಕಾರಣವೆಂದು ಅದು ಸಾಧಿಸುವುದಿಲ್ಲ. ಆದರೂ ಅದು ತೋರುವ ದಿಕ್ಕು ಸರಿಯೆಂದೇ ನನ್ನ ನಂಬಿಕೆ. ಅವ್ವ ರೊಟ್ಟಿ ಬಡಿಯುವಾಗ ಅಕ್ಕ ಪಕ್ಕದಲ್ಲಿ ಕೂತು ತಮ್ಮನಿಗೆ ಓದಿ ಹೇಳಬಹುದು. ಓದು ಬಾರದ ಮುತ್ಯಾ ಚಿತ್ರ ನೋಡಿ, “ಈ ನರಿ ಮುಂದ ಏನ್ ಮಾಡ್ತದ ಹೇಳು ನೋಡೂಣು” ಎಂದು ಕೇಳಬಹುದು. ಹೀಗೆ ಮಗುವನ್ನೇ ಕಥೆ ಹೇಳುವವನನ್ನಾಗಿಸಿದರೆ ಮಾತು ಬೆಳೆಯುತ್ತದೆಂದು ಗ್ರೋವರ್ ವೈಟ್‌ಹರ್ಸ್ಟ್ 1988ರಲ್ಲೇ ತೋರಿಸಿದ್ದರು. ಪುಸ್ತಕದ ‘ಎಲೆ’ಯನ್ನು ಒಮ್ಮೆ ‘ಎಲೆ’ ಎಂದೇ ಓದಿ, ಮರುಕ್ಷಣ ‘ಎಲಿ’ ಎಂದು ವಿವರಿಸಿದರೆ ಎರಡೂ ಕನ್ನಡ ಮಗುವಿನದಾಗುತ್ತವೆ. ಮಗು ತಾನೇ ಓದಲು ಕಲಿತ ಮೇಲೂ ಇದನ್ನು ನಿಲ್ಲಿಸಬೇಡಿ. ಅದರ ಕಣ್ಣು ಮೂರು ಸಾಲಿಗೆ ದಣಿಯುವ ವಯಸ್ಸಿನಲ್ಲಿ ಕಿವಿ ಮೂವತ್ತು ಪುಟ ಕೇಳಬಲ್ಲದು.

ಬಹುಮಾನದ ಆಸೆ ಮಾತ್ರ ಬೇಡ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು, ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟಾಣಿಗಳಿಗೆ ಮೊದಲೇ ಪ್ರಶಸ್ತಿಯ ಮಾತು ಕೊಟ್ಟರು. ಆಮೇಲೆ ತಮ್ಮಷ್ಟಕ್ಕೆ ಬಿಟ್ಟಾಗ ಆ ಮಕ್ಕಳು, ಪ್ರಶಸ್ತಿಯ ಸುದ್ದಿಯೇ ಇಲ್ಲದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. “ಈ ಪುಸ್ತಕ ಮುಗಿಸಿದರೆ ಚಾಕೊಲೇಟ್” ಎನ್ನುವ ನಾವು ಓದೆಂದರೆ ಕಹಿ ಎಂಬುದನ್ನೇ ಕಲಿಸುತ್ತಿರುತ್ತೇವೆ. ಕಥೆ ಮುಗಿದೊಡನೆ ಪ್ರಶ್ನೋತ್ತರ ಶುರು ಮಾಡುವುದೂ ಹಾಗೆಯೇ.

ಪುಸ್ತಕ ಕೊಳ್ಳಲು ದುಡ್ಡಿಲ್ಲ ಎನ್ನುವ ಮನೆಗಳಿಗೂ ದಾರಿಯಿದೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಈ ಗ್ರಂಥಾಲಯಗಳನ್ನೀಗ ಅರಿವು ಕೇಂದ್ರ ಎನ್ನುತ್ತಾರೆ. ದುಡಿಯಲು ಮುಂಬೈ, ಪುಣೆಗೆ ಗುಳೆ ಹೋಗುವ ಕುಟುಂಬದ ಮಕ್ಕಳಿಗೆ ಮೊಬೈಲಿನಲ್ಲೇ ಓದಿ ಹೇಳಬಹುದಾದ ಕನ್ನಡ ಕಥೆಗಳು ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ನಲ್ಲಿ ಪುಕ್ಕಟೆ ಸಿಗುತ್ತವೆ. ಕಮಲಾಪುರದ ಸುತ್ತಲಿನ ಹಳ್ಳಿಯವರೇ, ಈ ವಾರ ಮಗುವನ್ನು ಕೈಹಿಡಿದು ನಿಮ್ಮೂರ ಅರಿವು ಕೇಂದ್ರಕ್ಕೆ ಕರೆದೊಯ್ಯಿರಿ. ಪುಸ್ತಕವನ್ನು ಮಗುವೇ ಆರಿಸಲಿ, ರಾತ್ರಿ ನೀವು ಓದಿ ಹೇಳಿ.