ತೆರೆಯ ಮೇಲಿನ ಗುರುವನ್ನು ಪರೀಕ್ಷಿಸುವ ಬಗೆ

ಮನುಷ್ಯನು ಎರಡು ಕಾಲುಗಳ ಮೇಲೆ ನೆಟ್ಟಗೆ ನಿಲ್ಲುವುದು ನಮಗೆ ಅತಿ ಸಾಮಾನ್ಯ ಸಂಗತಿಯಾಗಿ ತೋರುತ್ತದೆ. ಆದರೆ ಅದರ ಹಿಂದೆ ಮೂವರು ಸೇವಕರ ಎಡೆಬಿಡದ ದುಡಿಮೆಯಿದೆ. ಮೊದಲನೆಯವನು ಕಣ್ಣು. ಎರಡನೆಯವನು ಒಳಗಿವಿ, ಪ್ರತಿಯೊಂದು ಕಿವಿಯೊಳಗೂ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳಿದ್ದು, ತಲೆಯು ಯಾವ ಕಡೆಗೆ ತಿರುಗಿತೆಂಬ ವರ್ತಮಾನವನ್ನು ಅವು ಮಿದುಳಿಗೆ ಮುಟ್ಟಿಸುತ್ತವೆ. ಮೂರನೆಯದು ಪಾದ, ಕೀಲು, ಸ್ನಾಯುಗಳಲ್ಲಿ ಅಡಗಿರುವ ಅರಿವು. ಲೋಕಲ್ ಗಾಡಿಯಲ್ಲಿ ನಿಂತು ಶಾಲೆಗೆ ಬರುವ ವಿದ್ಯಾರ್ಥಿಯು, ಗಾಡಿ ತಟಕ್ಕನೆ ನಿಂತಾಗ ಬೀಳದೆ ಒಂದು ಹೆಜ್ಜೆಯಿಟ್ಟು ಸಾವರಿಸಿಕೊಳ್ಳುವುದು ಈ ಮೂವರ ನೆರವಿನಿಂದ, ಕಾಲಿನ ಬಲದಿಂದ.

ವಯಸ್ಸಾದಂತೆ ಈ ಸೇವಕರು ದಣಿಯುತ್ತಾರೆ. ಮಳೆಗಾಲದ ಒದ್ದೆ ಮೆಟ್ಟಿಲು, ಬಚ್ಚಲಿನ ನುಣುಪು ನೆಲ ಇವು ಹಿರಿಯರಿಗೆ ಶತ್ರುಗಳಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಂಪ್ರತಿ ಸುಮಾರು 6,84,000 ಜನರು ಬಿದ್ದು ಸಾವನ್ನಪ್ಪುತ್ತಾರೆ. ಅವರಲ್ಲಿ ಅರುವತ್ತು ದಾಟಿದವರೇ ಹೆಚ್ಚು. ಆದರೆ ಇದಕ್ಕೆ ಉಪಾಯವಿಲ್ಲದೆ ಇಲ್ಲ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಕಾಕ್ರೇನ್ ಸಂಸ್ಥೆಯು ಪ್ರಕಟಿಸಿದ ವಿಮರ್ಶೆಯು, ವ್ಯಾಯಾಮದಿಂದ ಹಿರಿಯರ ಬೀಳುವಿಕೆಯು ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲಿನಷ್ಟು ತಗ್ಗುತ್ತದೆಂದು ತೋರಿಸಿತು. ಅರುವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲವನ್ನು ಬೆಳೆಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು.

ಈ ವ್ಯಾಯಾಮವನ್ನು ಕಲಿಸುವ ವಿಡಿಯೋಗಳು ಇಂದು ಮೊಬೈಲಿನಲ್ಲಿ ಅಸಂಖ್ಯವಾಗಿವೆ. ಅವನ್ನು ಹುಡುಕಿ ಅಜ್ಜ ಅಜ್ಜಿಯರ ಕೈಗೆ ಕೊಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ನೀವೇ, ವಿದ್ಯಾರ್ಥಿಗಳೇ! ಆದುದರಿಂದ ಈ ಮಾತನ್ನು ನಿಮ್ಮೊಡನೆಯೇ ಆಡಬೇಕಾಗಿದೆ.

ನನ್ನ ಪರಿಚಯದ ಒಂದು ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಎಪ್ಪತ್ತೆರಡು ವರ್ಷದ ಅಜ್ಜಿಗೆ ಮೊಮ್ಮಗನು ಲಕ್ಷಗಟ್ಟಲೆ ಜನ ನೋಡಿದ್ದ ವಿಡಿಯೋ ಒಂದನ್ನು ಹಚ್ಚಿಕೊಟ್ಟನು. ತೆರೆಯ ಮೇಲಿನ ತರುಣನು ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಿಂತನು. ಅಜ್ಜಿಯೂ ನಡುಮನೆಯಲ್ಲಿ ಹಾಗೆಯೇ ನಿಂತರು, ಮರುಕ್ಷಣವೇ ವಾಲಿದರು. ಬಳಿಯಲ್ಲಿ ಮಂಚವಿದ್ದುದರಿಂದ ಅದರ ಮೇಲೆ ಕುಸಿದು ಪಾರಾದರು. ತೆರೆಯ ತರುಣನಾದರೋ ನಗುಮುಖದಿಂದ "ಬಹಳ ಚೆನ್ನಾಯಿತು" ಎಂದು ಹೇಳಿ ಮುಂದಿನ ವ್ಯಾಯಾಮಕ್ಕೆ ಹೋದನು!

ಈ ಘಟನೆಯಲ್ಲಿಯೇ ಇಡೀ ಪಾಠವಿದೆ. ಗರಡಿಯ ಗುರುವು ಶಿಷ್ಯನನ್ನು ನೋಡುತ್ತಾನೆ. ತೆರೆಯ ಗುರುವಿಗೆ ಶಿಷ್ಯನು ಕಾಣಿಸುವುದಿಲ್ಲ. ಅವನು ಕಾಣದುದನ್ನು ಮುಂಚಿತವಾಗಿಯೇ ಎಣಿಸಿ ಎಚ್ಚರಿಸಿರುವ ವಿಡಿಯೋವೇ ಒಳ್ಳೆಯ ವಿಡಿಯೋ. ನೋಡಿದವರ ಸಂಖ್ಯೆಯು ಎಷ್ಟು ಜನ ತೆರೆದರೆಂಬುದನ್ನು ಹೇಳೀತೇ ಹೊರತು, ಎಷ್ಟು ಜನರಿಗೆ ಗುಣವಾಯಿತು, ಎಷ್ಟು ಜನ ಬಿದ್ದರು ಎಂಬುದನ್ನು ಹೇಳಲಾರದು.

ಹಾಗಾದರೆ ಒರೆಗಲ್ಲು ಯಾವುದು? ಅಂತರಜಾಲದ ವೈದ್ಯಕೀಯ ಮಾಹಿತಿಯನ್ನು ಅಳೆಯಲು ಅಮೆರಿಕದ ವೈದ್ಯ ಪತ್ರಿಕೆಯೊಂದು 1997ರಲ್ಲಿಯೇ ನಾಲ್ಕು ಅಂಶಗಳನ್ನು ಸೂಚಿಸಿತ್ತು. ಅವನ್ನು ಪ್ರಶ್ನೆಗಳಾಗಿ ಹೀಗೆ ಕೇಳಬಹುದು: ಹೇಳಿದವರು ಯಾರು? ಯಾವ ಆಧಾರದಿಂದ ಹೇಳಿದರು? ಇದರಲ್ಲಿ ಯಾರ ಹಣ, ಯಾರ ಲಾಭವಿದೆ? ಹೇಳಿದ್ದು ಯಾವಾಗ? ವ್ಯಾಯಾಮ ಚಿಕಿತ್ಸೆಯನ್ನು ಕಲಿತ ಫಿಸಿಯೋಥೆರಪಿಸ್ಟರ ಮಾತಿಗೂ, ಮಾತ್ರೆಯ ಡಬ್ಬಿಯನ್ನು ಮಾರಲು ಬಂದವನ ಮಾತಿಗೂ ಇರುವ ಅಂತರವು ಈ ಪ್ರಶ್ನೆಗಳಿಂದ ತಿಳಿಯುತ್ತದೆ.

ಸಮತೋಲದ ವ್ಯಾಯಾಮಕ್ಕೆ ಇನ್ನೂ ನಾಲ್ಕು ಪ್ರಶ್ನೆಗಳನ್ನು ಸೇರಿಸಿರಿ. ಮೊದಲನೆಯದು, ಇದು ಯಾರಿಗಾಗಿ? ಆಟಗಾರನಿಗೆ ಹಿತವಾದುದು ಅಜ್ಜನಿಗೆ ಅಪಾಯವಾದೀತು. ಎರಡನೆಯದು, ಆಸರೆಯ ಮಾತು ಬಂದಿದೆಯೇ? ಗೋಡೆಗೆ ಒತ್ತಿ ಇಟ್ಟ ಭಾರವಾದ ಕುರ್ಚಿ, ಒಣಗಿದ ನೆಲ, ಬಳಿಯಲ್ಲಿ ಒಬ್ಬರು ಇವೆಲ್ಲವನ್ನೂ ಮೊದಲೇ ಹೇಳಬೇಕು. ಮೂರನೆಯದು, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆಯೇ? ಮೊದಲು ಪಾದಗಳನ್ನು ಜೋಡಿಸಿ ನಿಲ್ಲುವುದು, ಬಳಿಕ ಒಂದು ಪಾದವನ್ನು ಅರ್ಧ ಮುಂದಿಡುವುದು, ಆಮೇಲೆ ಒಂದರ ಬೆರಳಿಗೆ ಇನ್ನೊಂದರ ಹಿಮ್ಮಡಿಯನ್ನು ತಾಗಿಸುವುದು, ಕಡೆಗೆ ಒಂಟಿಕಾಲು. ವೈದ್ಯರು ಸಮತೋಲವನ್ನು ಪರೀಕ್ಷಿಸುವಾಗಲೂ ಇದೇ ಕ್ರಮದಲ್ಲಿ, ಒಂದೊಂದನ್ನು ಹತ್ತು ಸೆಕೆಂಡು ನಿಲ್ಲಿಸಿ ನೋಡುವುದುಂಟು. ಕಣ್ಣು ಮುಚ್ಚುವುದೆಂದರೆ ಮೂವರು ಸೇವಕರಲ್ಲಿ ಒಬ್ಬನನ್ನು ರಜೆಯ ಮೇಲೆ ಕಳುಹಿಸಿದಂತೆ. ಅದು ಆರಂಭದ ಪಾಠವಲ್ಲ. ನಾಲ್ಕನೆಯದು, ಯಾವಾಗ ನಿಲ್ಲಿಸಬೇಕೆಂದು ಹೇಳಿದೆಯೇ? ತಲೆ ತಿರುಗಿದರೆ, ಎದೆ ನೊಂದರೆ, ಉಸಿರು ಕಟ್ಟಿದರೆ ಒಡನೆಯೇ ನಿಲ್ಲಿಸಬೇಕು. ಮೊದಲೇ ಬಿದ್ದವರು, ತಲೆಸುತ್ತು ಇರುವವರು ವೈದ್ಯರನ್ನು ಕಂಡಲ್ಲದೆ ತೊಡಗಬಾರದು.

ಎಂಟೂ ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರ ಕೊಡುವ ವಿಡಿಯೋ ದೊರೆತರೂ ನಿಮ್ಮ ಕೆಲಸ ಮುಗಿಯಲಿಲ್ಲ. ಅದನ್ನು ಮೊದಲು ನೀವೇ ಪೂರ್ತಿಯಾಗಿ ನೋಡಿರಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿರಿ. ಮತ್ತೆ ಅಜ್ಜಿಯ ಮಗ್ಗುಲಲ್ಲಿ ನಿಂತುಕೊಳ್ಳಿರಿ. ತೆರೆಯ ಗುರುವಿಗೆ ಇಲ್ಲದ ಎರಡು ಕಣ್ಣುಗಳು ನಿಮಗಿವೆ; ಅವನು ಚಾಚಲಾರದ ಎರಡು ಕೈಗಳೂ ಇವೆ. ಚಿಕ್ಕಂದಿನಲ್ಲಿ ನಿಮ್ಮ ಕೈ ಹಿಡಿದು ನಡೆಯಲು ಕಲಿಸಿದವರು ಅವರು. ಅವರು ಬೀಳದಂತೆ ನೋಡಿಕೊಳ್ಳುವ ಸರದಿ ಈಗ ನಿಮ್ಮದು.